ಎಳೆ ಮೈಗೆ ಹಳೆ ಸೀರೆ

೨ ಸೆಪ್ಟೆಂಬರ್ ೨೦೨೪, ಸೋಮವಾರ

ಇವತ್ತಿನಿಂದ ಮತ್ತೆ ಕೆಲಸ. ಹಂಪಾಪುರ ಪಂಚಾಯ್ತಿ ಗ್ರಂಥಾಲಯದ ಬಾಗಿಲು ತೆಗೆದರೆ ಒಳಗೆ ಇಲಿ ಹಿಕ್ಕೆ, ಕಟ್ಟು ಬಿಚ್ಚದ ಪೇಪರಿನ ರಾಶಿ. ನಾನು ರಜೆಯಲ್ಲಿದ್ದಾಗ ವಾಟರ್‌ಮನ್ ನೋಡಿಕೊಳ್ಳಬೇಕಿತ್ತು. ನೋಡಿಕೊಂಡಿರುವ ಚೆಂದ ಕಾಣುತ್ತಿತ್ತು. ಗುಡಿಸಿ ಒರೆಸಿ ಕೂರುವಷ್ಟರಲ್ಲಿ ಆಪರೇಷನ್ ಆದ ಜಾಗ ಚುರುಗುಟ್ಟಿತು. ಒಳ್ಳೆಯದೇ ಆಯಿತು, ಅಳುವುದಕ್ಕೆ ಹೇಳಿಕೊಳ್ಳುವಂಥ ಒಂದು ಕಾರಣ ಸಿಕ್ಕಿತು.

ಬಂದವರೆಲ್ಲ ಮೊದಲು ನನ್ನ ಹೊಟ್ಟೆ ನೋಡುತ್ತಾರೆ, ಆಮೇಲೆ ಮುಖ, ಆಮೇಲೆ ಗಬಕ್ಕನೆ ಪೇಪರಿನೊಳಗೆ ತಲೆ ಹಾಕುತ್ತಾರೆ. ಸಿದ್ದಮಲ್ಲಪ್ಪನವರಿಗೆ ಮಾತ್ರ ಸುದ್ದಿ ಮುಟ್ಟಿಲ್ಲ. ಮಗಳ ಮನೆಗೆ ಎನ್. ಬೇಗೂರಿಗೆ ಹೋಗಿದ್ದವರು ಮೊನ್ನೆ ಬಂದರಂತೆ. "ಏನ್ ಮಗು ಮೇಡಮ್ಮೋರೆ?" ಅಂದರು. "ಹೆಣ್ಣು" ಅಂದೆ. "ಲಕ್ಷ್ಮಿ ಬಂದ್ಲು ಬುಡಿ! ಸಿಹಿ ಎಲ್ಲಿ?" ಅಂದರು. "ತರ್ತೀನಿ" ಅಂದುಬಿಟ್ಟೆ.

ಸುಳ್ಳೇನಲ್ಲ. ಹೆಣ್ಣೇ ಅಂತ ನರ್ಸ್ ಹೇಳಿದ್ದಳು.

೬ ಸೆಪ್ಟೆಂಬರ್, ಶುಕ್ರವಾರ

ಗೌರಿ ಹಬ್ಬ. ತವರಿನಿಂದ ಬಾಗಿನ ಬಂತು. ಮೊರ ತೆರೆದು ನೋಡಲಿಲ್ಲ. ದೇವರ ಮನೆಯಿಂದ ಮಲ್ಲಿಗೆ ಘಮ ಬರುತ್ತಿತ್ತು, ತಡೆಯಲಾರದೆ ಹಿತ್ತಿಲಿಗೆ ಹೋಗಿ ಕೂತೆ. ಆಸ್ಪತ್ರೆಯಿಂದ ಬಂದ ಮೇಲೆ ಎದೆಯಲ್ಲಿ ಹಾಲು ಕಟ್ಟಿ ಕಲ್ಲಾಗಿತ್ತು. ಅತ್ತೆ ಮಲ್ಲಿಗೆ ಮೊಗ್ಗು ಇಟ್ಟು, ಬಟ್ಟೆ ಸುತ್ತಿ, ಬಿಗಿದು ಕಟ್ಟಿದ್ದರು. ಹಾಲು ಬತ್ತಲಿ ಅಂತ. ಬತ್ತಿತು. ಆ ವಾಸನೆ ಮಾತ್ರ ಹೋಗಲಿಲ್ಲ.

೮ ಸೆಪ್ಟೆಂಬರ್, ಭಾನುವಾರ

ಮನಸ್ಸಿನಲ್ಲಿ ಇಟ್ಟುಕೊಂಡು ಇಟ್ಟುಕೊಂಡು ತಲೆ ಕೆಡುತ್ತಿದೆ. ಬರೆದುಬಿಡುತ್ತೇನೆ.

ಆಷಾಢದಲ್ಲಿ, ಎಂಟು ತಿಂಗಳು ತುಂಬುವ ಹೊತ್ತಿಗೆ ಇದ್ದಕ್ಕಿದ್ದಂತೆ ರಕ್ತ ಹೋಯಿತು. ಮೈಸೂರಿಗೆ ಕರೆದುಕೊಂಡು ಹೋದರು. ಪೂರ್ತಿ ಮತ್ತು ಬರಿಸಿ ಆಪರೇಷನ್ ಮಾಡಿದರು. ಎಚ್ಚರವಾದಾಗ ಹೊಟ್ಟೆ ಖಾಲಿ, ಪಕ್ಕ ಖಾಲಿ. ಅದು ಉಸಿರಿಲ್ಲದೆ ಹುಟ್ಟಿತಂತೆ. ನನಗೆ ಬುದ್ಧಿ ಬರುವಷ್ಟರಲ್ಲಿ ಊರಿಗೆ ತಂದು, ನಮ್ಮಲ್ಲಿ ಹೂಳುವ ಹಾಗೆ, ಹೊಲದ ಬದಿಯಲ್ಲಿ ಮಣ್ಣು ಮಾಡಿ ಆಗಿತ್ತು.

ನಾನು ಮುಖ ನೋಡಲೇ ಇಲ್ಲ. "ಅವಳಿಗೆ ತೋರಿಸಬೇಡಿ" ಅಂದವರು ಅತ್ತೆ. ಇದನ್ನು ನರ್ಸೇ ಹೇಳಿದಳು. ನೋಡಿದರೆ ಮನಸ್ಸಿನಿಂದ ಹೋಗುವುದಿಲ್ಲವಂತೆ, ಮುಂದಿನದಕ್ಕೆ ಒಳ್ಳೆಯದಲ್ಲವಂತೆ. ನೋಡದೆ ಇದ್ದದ್ದು ಮನಸ್ಸಿನಿಂದ ಹೋಗಿದೆಯಾ ಅಂತ ಬಂದು ಕೇಳಲಿ ಯಾರಾದರೂ.

ಇವತ್ತು ನಮ್ಮ ಯಜಮಾನರು ಬಸವಪ್ರಸಾದ್ ಹಾಲಿನ ಡೈರಿ ಕೆಲಸ ಮುಗಿಸಿಕೊಂಡು ಬಂದಾಗ ಕೇಳಿದೆ. "ನೀವು ನೋಡಿದ್ರಾ?" ಕಾಲು ತೊಳೆಯುತ್ತಿದ್ದವರು ಅಲ್ಲೇ ನಿಂತರು. "ಇಲ್ಲ ಕಣೆ. ಅವ್ವ ಸುತ್ಕೊಂಡಿದ್ರು. ಗುಂಡಿ ತೋಡ್ದೋನು ನಾನು. ಮುಖ ನೋಡಕೆ ಧೈರ್ಯ ಬರ್ಲಿಲ್ಲ" ಅಂದರು. ತೊಳೆದ ಕಾಲನ್ನೇ ಮತ್ತೆ ತೊಳೆದರು.

ಅಂದರೆ ಅದರ ಮುಖ ಗೊತ್ತಿರುವುದು ಈ ಪ್ರಪಂಚದಲ್ಲಿ ಒಬ್ಬರಿಗೇ. ಅವರು ನನ್ನ ಜೊತೆ ಮಾತಾಡುವುದು ಸಾರಿಗೆ ಉಪ್ಪಿದೆಯಾ, ಮಾತ್ರೆ ತಗೊಂಡ್ಯಾ, ಇಷ್ಟೇ. ಹೋದ ತಿಂಗಳು ಒಂದು ಸಲ ಮರ್ಯಾದೆ ಬಿಟ್ಟು ಕೇಳಿದ್ದೆ, ಹೇಗಿತ್ತು ಅತ್ತೆ ಅಂತ. "ಅದೆಲ್ಲ ಈಗ್ಯಾಕೆ, ಉಣ್ಣು ಬಾ" ಅಂದರು. ನಾನು ಉಣ್ಣಲಿಲ್ಲ. ಇನ್ನೊಂದು ಸಲ ಕೇಳುವುದೂ ಇಲ್ಲ. ಅವರಿಗೂ ಹಟ, ನನಗೂ ಹಟ.

೧೧ ಸೆಪ್ಟೆಂಬರ್, ಬುಧವಾರ

ಪಿಡಿಒ ಸಾಹೇಬರು ಕರೆಸಿದರು. ಮೇಲಿನಿಂದ ಹೇಳಿದ್ದಾರಂತೆ, ಗ್ರಂಥಾಲಯದಲ್ಲಿ ಹಿರಿಯರು ಕಿರಿಯರು ಒಟ್ಟಿಗೆ ಕೂತು ಏನಾದರೂ ಕೈಕೆಲಸ ಮಾಡಬೇಕಂತೆ, ಡಿಸೆಂಬರ್ ಬರುವವರೆಗೆ ಶನಿವಾರ ಶನಿವಾರ. ಫೋಟೋ ತೆಗೆದು ಕಳಿಸಬೇಕಂತೆ. "ನಿಮಗೂ ಒಂದು ಚೇಂಜ್ ಆಗುತ್ತೆ ಶಾಂಭವಿ" ಅಂದರು. ಇವರ ಚೇಂಜಿಗೆ ಬೆಂಕಿ ಹಾಕ.

ನಮ್ಮೂರ ಮುದುಕಿಯರಿಗೆ ಗೊತ್ತಿರುವ ಕೈಕೆಲಸ ಒಂದೇ, ಹಳೆ ಸೀರೆ ಮಡಿಸಿ ಕೌದಿ ಹೊಲಿಯುವುದು. ಅದೇ ಆಗಲಿ ಅಂದೆ.

೧೪ ಸೆಪ್ಟೆಂಬರ್, ಶನಿವಾರ

ಮೊದಲ ದಿನವೇ ಮುಗ್ಗರಿಸಿದೆವು.

ಪಿಯುಸಿ ಹುಡುಗಿಯರು ಒಂದು ಬೆಂಚು ತುಂಬ ಬಂದರು. ಅವರ ಮುಂದಾಳು ಸೌಂದರ್ಯ, ಬಾಯಿಗೆ ಬೀಗ ಇಲ್ಲದ ಹುಡುಗಿ. ಅವಳಜ್ಜಿ ಪುಟ್ಟತಾಯಮ್ಮ ನಾಲ್ಕಾರು ಜನ ಓರಗೆಯವರನ್ನು ಕಟ್ಟಿಕೊಂಡು ಬಂದರು. ಎಲ್ಲರಿಗಿಂತ ಹಿಂದೆ, ಯಾರೂ ಕರೆಯದೆ, ನಮ್ಮ ಮನೆಯ ಸುಂದ್ರಮ್ಮನವರು. ಅತ್ತೆ. ನನ್ನ ಕಡೆ ನೋಡದೆ ಗೋಡೆ ಬದಿಗೆ ಕೂತರು.

ದೊಡ್ಡ ಕೌದಿ ಹಿಡಿದರೆ ಉಗಾದಿವರೆಗೂ ಮುಗಿಯುವುದಿಲ್ಲ, ಚಿಕ್ಕವು ಮಾಡೋಣ ಅಂದರು ಪುಟ್ಟತಾಯಮ್ಮ. "ಎಳೆ ಕೂಸ್ಗಳ ಕೌದಿ. ಬ್ಯಾಗ ಮುಗೀತವೆ. ಕೋಟೆ ತಾಲೂಕ್ ಆಸ್ಪತ್ರೇಲಿ ಎರಿಗೆ ಆದೋರ್ಗೆ ಕೊಡವ. ಪುಣ್ಯನಾದ್ರೂ ಬತ್ತದೆ." ಎಲ್ಲರೂ ಹೂಂ ಅಂದರು. ಬೇಡ ಅನ್ನುವುದಕ್ಕೆ ಬಾಯಿ ತೆರೆದೆ. ಏನಂತ ಕಾರಣ ಹೇಳಲಿ? ಆಗಲಿ ಅಂದೆ.

ಹುಡುಗಿಯರು ಕೋಟೆ ಪೇಟೆಯಿಂದ ಚೆಂದ ಚೆಂದದ ಹೊಸ ಬಟ್ಟೆ ತಂದಿದ್ದರು, ಆನೆಮರಿ, ಮೊಲ, ನಕ್ಷತ್ರ. ಬಿಚ್ಚಿದ್ದೇ ತಡ ಮುದುಕಿಯರು ಸೂಜಿ ಕೆಳಗಿಟ್ಟರು.

"ಉಟ್ಟಿದ ಕೂಸ್ಗೆ ಒಸ ಬಟ್ಟೆ ಆಕ್ತಾರೇನ್ರವ್ವ? ನಿಮ್ಮವ್ವದೀರು ಏನೂ ಏಳ್ಕೊಟ್ಟಿಲ್ವ?"

"ಹೊಸದು ಕ್ಲೀನ್ ಅಲ್ವಾ ಅಜ್ಜಿ?" ಅಂದಳು ಸೌಂದರ್ಯ.

"ಒರಟು ಕಣ್ಲೇ. ತೊಟ್ಲಿಗಾಕಿ ಎಸ್ರಿಡೋ ಗಂಟ ಎಳೆ ಮೈಗೆ ಹಳೆ ಸೀರೇನೇ. ಅದೂ ಬಾಳಿದೋಳು ಉಟ್ಟು ಉಟ್ಟು ಮೆತ್ತಗಾಗಿರ್ಬೇಕು. ಅವ್ಳ ಆಯಸ್ಸು ಕೂಸ್ಗೆ ಬರ್ಲಿ ಅಂತ."

ಅರ್ಧ ಗಂಟೆ ಜಗಳ. ಹುಡುಗಿಯರು ಮುಖ ದಪ್ಪ ಮಾಡಿಕೊಂಡು ಮೊಬೈಲ್ ತೆಗೆದರು, ಮುದುಕಿಯರು ಎಲೆಅಡಿಕೆ ತೆಗೆದರು. ಫೋಟೋ ಕಳಿಸಿದೆ. ಫೋಟೋದಲ್ಲಿ ಎಲ್ಲರೂ ಬೇರೆ ಬೇರೆ ಬಸ್ಸಿಗೆ ಕಾಯುವವರ ಹಾಗಿದ್ದಾರೆ.

೨೧ ಸೆಪ್ಟೆಂಬರ್, ಶನಿವಾರ

ಹುಡುಗಿಯರು ಮನೆ ಮನೆ ತಿರುಗಿ ಹಳೆ ಹತ್ತಿ ಸೀರೆ ತಂದರು. ಕುದಿಸಿ ಒಗೆದು ಒಣಗಿಸಿದ್ದು. ಸೀರೆ ಕೇಳಿದ ಮನೆಯಲ್ಲೆಲ್ಲ ಒಂದೊಂದು ಕಥೆ ಹೇಳಿ ಕಾಫಿ ಕೊಟ್ಟು ಕಳಿಸಿದರಂತೆ. ಮುದುಕಿಯರು ನೆಲದ ಮೇಲೆ ಕೂತರೆಂದು ಅವರೂ ಬೆಂಚು ಬಿಟ್ಟು ನೆಲಕ್ಕಿಳಿದರು. ಸೀರೆಯನ್ನು ಪದರ ಪದರ ಹಾಸಿ, ಅಂಗೈಯಿಂದ ಸುಕ್ಕು ಒತ್ತಿ, ಪದರ ಜಾರದ ಹಾಗೆ ನಾಲ್ಕು ಕಡೆ ಟಾಕಿ ಹಾಕುವುದನ್ನು ಅತ್ತೆ ತೋರಿಸಿದರು. ನನ್ನ ಹೊಟ್ಟೆಯಲ್ಲಿ ಅದಿದ್ದಾಗ ನಮ್ಮ ಜಗುಲಿಯಲ್ಲಿ ಇದನ್ನೇ ಮಾಡುತ್ತಿದ್ದರು.

ನಾನು ಮೇಜಿನ ಹಿಂದೆ ಕೂತು ಪುಸ್ತಕಗಳಿಗೆ ನಂಬರ್ ಹಾಕಿದೆ. ಹಾಕಿದ್ದಕ್ಕೇ ಮತ್ತೆ ಹಾಕಿದೆ.

೨೮ ಸೆಪ್ಟೆಂಬರ್, ಶನಿವಾರ

ಒಬ್ಬ ಹುಡುಗಿ ಬಂದಿರಲಿಲ್ಲ, ಪುಟ್ಟತಾಯಮ್ಮನೂ ಇರಲಿಲ್ಲ, ಒಂದು ಮೂಲೆ ಹಿಡಿಯಲು ಹುಡುಗಿಯರು ನನ್ನನ್ನೇ ಕೂರಿಸಿದರು. ಸುಮ್ಮನೆ ಹೊಲಿದೆ. ಕೈಗೆ ಏನಾದರೂ ಕೆಲಸ ಇದ್ದರೆ ತಲೆ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ, ಅದೊಂದು ನಿಜ.

ಮುಗಿದ ಮೇಲೆ ಅತ್ತೆ ನನ್ನ ಸಾಲಿನ ಮೇಲೆ ಬೆರಳಾಡಿಸಿದರು. ಕತ್ತರಿ ತಗೊಂಡು ಪೂರ್ತಿ ಬಿಚ್ಚಿದರು. ದಾರದ ಗಂಟುಗಳನ್ನೆಲ್ಲ ನಾನು ಮೇಲೇ ಬಿಟ್ಟಿದ್ದೆ. "ಗಂಟು ಪದರದ ಒಳಕ್ಕೆ ಓಗ್ಬೇಕು. ಮೇಲಿದ್ರೆ ಕೂಸಿನ ಮೈಗೆ ಒತ್ತದೆ" ಅಂತ ಹೇಳಿದರು. ನನಗಲ್ಲ, ಸೌಂದರ್ಯಳಿಗೆ ಹೇಳುವ ಹಾಗೆ.

ಯಾವ ಕೂಸು ಅಂತ ಕಿರುಚಬೇಕು ಅನ್ನಿಸಿತು. ಮನೆಗೆ ಇಬ್ಬರೂ ಹತ್ತು ಮಾರು ದೂರದಲ್ಲಿ ನಡೆದುಕೊಂಡು ಬಂದೆವು.

೫ ಅಕ್ಟೋಬರ್, ಶನಿವಾರ

ಇವತ್ತು ಬರೆಯಲು ಕೈ ಓಡುತ್ತಿಲ್ಲ. ಆದರೂ ಬರೆಯುತ್ತೇನೆ.

ನಾನಾಗಿಯೇ ಹೋಗಿ ಕೂತೆ ಇವತ್ತು. ಗಂಟು ಒಳಗೆ ಹಾಕುವುದನ್ನು ಮನೆಯಲ್ಲಿ ಹಳೇ ದಿಂಬಿನ ಕವರಿನ ಮೇಲೆ ಕಲಿತಿದ್ದೆ. ಸೂಜಿ ಪೋಣಿಸಿ ಬಟ್ಟೆಗೆ ಕೈ ಹಾಕಿದೆ. ಪುಟ್ಟತಾಯಮ್ಮ ಕೌದಿಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡರು. ನಾನು ಮತ್ತೆ ಹಿಡಿದೆ. ಅವರು ನನ್ನ ಕೈ ಮೇಲೆ ಕೈ ಇಟ್ಟರು.

"ನೀನ್ ಸುಮ್ಕೆ ಕೂತ್ಕೊ ಕಣವ್ವ. ಎಳೆ ಕೂಸ್ಗಳ ಬಟ್ಟೆ. ನಿನ್ನ ಕೈ ಬ್ಯಾಡ. ಬ್ಯಾಸ್ರ ಮಾಡ್ಕಬ್ಯಾಡ."

ಬೈದರೂ ಪರವಾಗಿಲ್ಲ, ಇಷ್ಟು ಪ್ರೀತಿಯಿಂದ ಹೇಳಬಾರದು ಯಾರೂ. ಹುಡುಗಿಯರು ತಲೆ ತಗ್ಗಿಸಿದರು. ನಾನು ಅತ್ತೆಯನ್ನು ನೋಡಿದೆ. ಏನಾದರೂ ಅನ್ನುತ್ತಾರೇನೋ ಅಂತ. ಅವರು ಹೊಲಿಯುತ್ತಲೇ ಇದ್ದರು, ಕಣ್ಣೆತ್ತಲಿಲ್ಲ. ನನ್ನ ಸೊಸೆ ಅಂತ ಒಂದು ಮಾತು ಬರಲಿಲ್ಲ ಆ ಬಾಯಿಂದ.

ಹಿಂದೆ ಹೋಗಿ ಬೀರುಗಳ ಸಂದಿಯಲ್ಲಿ ನಿಂತು ಅತ್ತುಬಿಟ್ಟೆ. ನನ್ನ ಕೈಯಲ್ಲಿ ಏನಿದೆ? ನಾನೇನು ಮಾಡಿದೆ? ತಿಂದದ್ದು ತಪ್ಪಾ, ನಡೆದದ್ದು ತಪ್ಪಾ, ಬಸ್ಸಿನಲ್ಲಿ ಹೋದದ್ದು ತಪ್ಪಾ? ಯಾರೂ ತಪ್ಪು ಅನ್ನುವುದಿಲ್ಲ, ಕೈ ಮಾತ್ರ ಬೇಡ ಅನ್ನುತ್ತಾರೆ.

೧೨ ಅಕ್ಟೋಬರ್

ವಿಜಯದಶಮಿ. ಗ್ರಂಥಾಲಯ ಇಲ್ಲ. ಬೇಕಾಗಿಯೂ ಇಲ್ಲ. ಡಿಸೆಂಬರಿಗೆ ಇದು ಮುಗಿದ ಮೇಲೆ ವರ್ಗಾವಣೆಯೋ, ರಾಜೀನಾಮೆಯೋ, ಏನೋ ಒಂದು. ಅಂತರಸಂತೆಗಾದರೂ ಹಾಕಲಿ, ಆನೆಗಳ ಜೊತೆ ಇರುತ್ತೇನೆ. ಅವು ಕೈ ನೋಡುವುದಿಲ್ಲ.

೧೯ ಅಕ್ಟೋಬರ್, ಶನಿವಾರ

ಎಲ್ಲಿಂದ ಶುರು ಮಾಡಲಿ.

ಮೇಜಿನ ಹಿಂದೆಯೇ ಕೂತಿದ್ದೆ. ಮೋಡ ಕವಿದು ಕೋಣೆ ಮಬ್ಬಾಗಿತ್ತು, ಎಲ್ಲರೂ ಬಾಗಿಲ ಹತ್ತಿರ ಬೆಳಕಿಗೆ ಸರಿದು ಕೂತಿದ್ದರು. ಅತ್ತೆ ಬಂದರು. ಚೀಲ ಬಿಚ್ಚಲಿಲ್ಲ, ಕೂರಲೂ ಇಲ್ಲ.

"ಪುಟ್ಟತಾಯಿ, ನಾನೂ ಒಲಿಯಲ್ಲ ಕಣೆ ಇನ್ಮೇಲೆ."

"ಯಾಕಕ್ಕ? ಕಣ್ ಕಾಣಕಿಲ್ವಾ?"

"ಕಣ್ ಚೆನ್ನಾಗಿ ಕಾಣ್ತವೆ. ನನ್ ಸೊಸೆ ಕೈ ಬ್ಯಾಡ ಅಂದ್ಯಲ್ಲ. ಅವ್ಳು ಆ ಕೂಸ್ನ ಮುಟ್ನೇ ಇಲ್ಲ. ಮುಟ್ಟಿದ್ದು ನಾನು. ಮೈಸೂರಿಂದ ತೊಡೆ ಮ್ಯಾಲೆ ಇಟ್ಕೊ ಬಂದಿದ್ದು ನಾನು. ನೀರ್ ಹಾಕ್ದೋಳು ನಾನು. ಬ್ಯಾಡ ಅನ್ನಂಗಿದ್ರೆ ನನ್ ಕೈ ಅನ್ನು. ಎರಡು ವಾರದಿಂದ ಏಳ್ಬೇಕು ಏಳ್ಬೇಕು ಅನ್ಕತ ಇದ್ದೆ. ಬಾಯಿ ಬರ್ಲಿಲ್ಲ."

ಪುಟ್ಟತಾಯಮ್ಮನ ಮುಖ ಕಪ್ಪಿಟ್ಟಿತು. ನೀರು ಹಾಕಿದರು ಅಂದರೆ? ಸ್ನಾನ ಮಾಡಿಸಿದರಾ? ಅದಕ್ಕೆ?

ಆ ಸೌಂದರ್ಯ ಇದ್ದಾಳಲ್ಲ, ದೊಡ್ಡವರೆಲ್ಲ ಬಾಯಿ ಕಟ್ಟಿ ಕೂತಿರುವಾಗ ಸೀದಾ ಕೇಳಿದಳು.

"ಎಂಗಿದ್ಲು ಅಜ್ಜಿ ಪಾಪು?"

ಅವಳಜ್ಜಿ ಅವಳ ತೊಡೆಗೆ ಚಿವುಟಿದ್ದನ್ನು ನಾನು ನೋಡಿದೆ. ಅತ್ತೆ ನಿಂತಲ್ಲೇ ಕುಸಿದ ಹಾಗೆ ಕೂತರು. ಹುಡುಗಿಯ ಮುಂದಿದ್ದ ಬಟ್ಟೆಯನ್ನೇ ತೊಡೆ ಮೇಲೆ ಎಳೆದುಕೊಂಡು, ಸೂಜಿ ತಗೊಂಡು, ಹೊಲಿಯುತ್ತಾ ಹೇಳಿದರು. ಸೂಜಿಯನ್ನೇ ನೋಡಿಕೊಂಡು. ಹೊಲಿಯದೆ ಇದ್ದಿದ್ದರೆ ಹೇಳಲು ಆಗುತ್ತಿರಲಿಲ್ಲವೋ ಏನೋ.

"ಎಂಗಿದ್ಲು ಅಂದ್ರೆ… ಹಾಲ್ ಕುಡುದು ಮನಗಿರೋ ಕೂಸ್ನಂಗೆ ಇದ್ಲು ಕಣವ್ವ. ಕೂದ್ಲು ಅಂದ್ರೆ ಕೂದ್ಲು, ಕತ್ತಿನ್ ಗಂಟ. ಕೈ ಬೆಳ್ಳು ಉದ್ದುದ್ದ. ಗದ್ದ ಇವ್ರಮ್ಮಂದೇ, ಇಲ್ಲಿ ನಡುಮಧ್ಯ ಒಂದು ಗುಳಿ. ಬಣ್ಣ ಮಾತ್ರ ನಮ್ ಬಸವಂದು."

"ನೀರ್ ಯಾಕೆ ಹಾಕುದ್ರಿ ಅಜ್ಜಿ?"

"ಯಾಕೆ ಹಾಕ್ಬಾರ್ದು? ಊರ್ ಕೂಸ್ಗೆಲ್ಲಾ ನೀರ್ ಹಾಕ್ದೋಳು ನಮ್ಮನೆ ಕೂಸ್ಗೆ ಹಾಕ್ದೆ ಕಳಿಸ್ಲಾ? ಒಲೆ ಹೊತ್ತಿಸಿ ಕಾಯ್ಸ್ದೆ. ಮಳೆ ಬರಂಗದೆ, ಬ್ಯಾಗ ಮುಗ್ಸು ಅಂತ ಬಸವ ಕೂಗ್ತನೇ ಇದ್ದ. ಕಾಲ್ ಮ್ಯಾಲೆ ಮನಗಿಸ್ಕೊಂಡು, ಎಣ್ಣೆ ಹಚ್ಚಿ, ನೀರ್ ಬಿಡಕ್ ಮುಂಚೆ ಮೊಣಕೈ ಅದ್ದಿ ನೋಡ್ದೆ ಕಣವ್ವ. ಸುಟ್ಟಾತು ಅಂತ."

ಅಲ್ಲಿಗೆ ಅವರ ಸೂಜಿ ನಿಂತಿತು.

"ಆಮ್ಯಾಕೆ ಹಣೆಗೆ ಈಬತ್ತಿ ಇಕ್ಕಿ, ನನ್ ಸೀರೇಲಿ ಸುತ್ತಿ ಕೊಟ್ಟೆ. ತಾಯ್ಗೆ ತೋರಿಸ್ಬ್ಯಾಡಿ ಅಂದೋಳೂ ನಾನೇ. ಅವಳು ಒಂದ್ಸಲ ಕೇಳುದ್ಲು ನನ್ನ, ಎಂಗಿತ್ತು ಅಂತ. ಏಳಕಾಗ್ಲಿಲ್ಲ. ನಾ ಅತ್ತುಬುಟ್ರೆ ಅವ್ಳು ಇನ್ನೂ ಕುಗ್ಗೋಗ್ತಳೆ ಅಂತ ಉಣ್ಣು ಬಾ ಅಂದೆ."

ನಾನು ಮೇಜು ಬಿಟ್ಟು ಬಂದದ್ದು ಯಾವಾಗ ಗೊತ್ತಿಲ್ಲ. ಅವರ ಎದುರಿಗೆ ನೆಲದ ಮೇಲೆ ಕೂತಿದ್ದೆ. ಅವರು ನನ್ನನ್ನು ನೋಡಲಿಲ್ಲ, ನಾನೂ ಮುಟ್ಟಲಿಲ್ಲ. ಪುಟ್ಟತಾಯಮ್ಮ ಒಂದು ಸೂಜಿಗೆ ದಾರ ಪೋಣಿಸಲು ಹೋಗಿ ಹೋಗಿ ಆಗದೆ, ಸೌಂದರ್ಯಳ ಹತ್ತಿರ ಪೋಣಿಸಿಕೊಂಡು, ನನ್ನ ಕೈಗೆ ಕೊಟ್ಟರು.

೨೦ ಅಕ್ಟೋಬರ್, ಭಾನುವಾರ

ಕನ್ನಡಿಯ ಮುಂದೆ ನಿಂತು ನನ್ನ ಗದ್ದ ನೋಡಿಕೊಂಡೆ. ಬಹಳ ಹೊತ್ತು.

ಬಸವಪ್ರಸಾದ್‌ಗೆ ಹೇಳಿದೆ, ಬಣ್ಣ ನಿಮ್ಮದಂತೆ ಅಂತ. ಹೋಗಿ ಕೊಟ್ಟಿಗೆಯಲ್ಲಿ ಕೂತರು. ಹಸುವಿಗೆ ಹುಲ್ಲು ಹಾಕುವ ನೆಪ. ಆಗಲೇ ಹಾಕಿ ಆಗಿತ್ತು.

೨೬ ಅಕ್ಟೋಬರ್, ಶನಿವಾರ

ಇವತ್ತು ಒಂದು ವಿಚಿತ್ರ ನಡೆಯಿತು. ಹೊಲಿಯುತ್ತಾ ಕೂತಿದ್ದಾಗ ಪುಟ್ಟತಾಯಮ್ಮ ತಾವಾಗಿಯೇ ಹೇಳಿದರು. "ನಮ್ ನಂಜುಂಡಸ್ವಾಮಿಗಿಂತ ಮುಂಚೆ ಒಂದಿತ್ತು. ಗಂಡು." ನಂಜುಂಡಸ್ವಾಮಿ ಅಂದರೆ ಸೌಂದರ್ಯಳ ಅಪ್ಪ. ಅವಳು ಸೂಜಿ ಬಿಟ್ಟು ಅಜ್ಜಿಯನ್ನೇ ನೋಡಿದಳು. ಅವಳಪ್ಪನಿಗೂ ಗೊತ್ತಿಲ್ಲವಂತೆ. "ಯಾರ್ಗ್ ಏಳ್ಲಿ? ಅದಾಗಿ ಮೂರ್ನೇ ದಿಸ ಕಳೆ ಕೀಳಕೆ ಕರ್ಕ ಓದ್ರು. ಯಾರೂ ಕೇಳ್ನೂ ಇಲ್ಲ, ನಾನು ಏಳ್ನೂ ಇಲ್ಲ." ನನ್ನ ಕೈ ಬೇಡ ಅಂದದ್ದೂ ಅದಕ್ಕೇ ಅಂದರು. ಆಗ ಅವರ ಕೈಯನ್ನೂ ಹೀಗೇ ಯಾರೋ ಸರಿಸಿದ್ದರಂತೆ, ಅದೇ ಸರಿ ಅಂದುಕೊಂಡು ಇಷ್ಟು ಕಾಲ ಬದುಕಿದ್ದರಂತೆ.

ಆಮೇಲೆ ಇನ್ನೊಬ್ಬರು ಹೇಳಿದರು. ಆಮೇಲೆ ಮತ್ತೊಬ್ಬರು. ಅವಳಿ ಮಕ್ಕಳಲ್ಲಿ ಒಂದು. ತೊಟ್ಟಿಲಿಗೆ ಹಾಕುವ ಹಿಂದಿನ ದಿನ ಹೋದ ಒಂದು. ಇಷ್ಟು ಮುದುಕಿಯರು ಇಷ್ಟು ಕೂಸುಗಳನ್ನು ಹೊಟ್ಟೆಯೊಳಗೇ ಇಟ್ಟುಕೊಂಡು ನಮ್ಮ ಬೀದಿಯಲ್ಲೇ ಓಡಾಡುತ್ತಿದ್ದರು, ನನಗೆ ಗೊತ್ತೇ ಇರಲಿಲ್ಲ. ಹುಡುಗಿಯರು ಮೊಬೈಲ್ ಮುಟ್ಟಲಿಲ್ಲ. ಸೌಂದರ್ಯ ಅಜ್ಜಿಗೆ ಆತುಕೊಂಡು ಕೂತು ಹೊಲಿದಳು. ಎಲ್ಲರೂ ಸೇರಿ ಅತ್ತದ್ದಕ್ಕೋ ಏನೋ, ಕೊನೆಗೆ ಯಾರೋ ಏನೋ ಅಂದು ನಗು ಬಂತು. ಎಲೆಅಡಿಕೆ ಉಗುಳಲು ಹೋದ ಪುಟ್ಟತಾಯಮ್ಮ ನಗು ತಡೆಯಲಾರದೆ ನನ್ನ ನೋಟಿಸ್ ಬೋರ್ಡಿನ ಮೇಲೇ ಉಗಿದರು.

ಫೋಟೋ ತೆಗೆಯುವುದು ಮರೆತೆ.

೨೯ ಅಕ್ಟೋಬರ್, ಮಂಗಳವಾರ

ಸಿದ್ದಮಲ್ಲಪ್ಪನವರಿಗೆ ಯಾರೋ ವಿಷಯ ಹೇಳಿದ್ದಾರೆ. ಬಂದು ನನ್ನ ಮೇಜಿನ ಮುಂದೆ ನಿಂತರು. "ಗೊತ್ತಾಗ್ದೆ ಏನೇನೋ ಅಂದ್ಬುಟ್ಟೆ ಕಣಮ್ಮ." ಪರವಾಗಿಲ್ಲ ಅಂದೆ. ಅವರು ಹೋಗಲಿಲ್ಲ. ನಾನು ಹೇಳಿದೆ, ಕೂದಲು ಕತ್ತಿನವರೆಗೂ ಇತ್ತಂತೆ ಅಂತ. "ಔದಾ?" ಅಂದರು ಅವರು, ಕೂತರು. ಇನ್ನೂ ಹೇಳಿದೆ.

೯ ನವೆಂಬರ್, ಶನಿವಾರ

ದಾರ ಮುಗಿದಿತ್ತು. ನಾನೂ ನಮ್ಮತ್ತೆಯೂ ಕೋಟೆಗೆ ಹೋಗಿ ತಂದೆವು. ಬಸ್ಸಿನಲ್ಲಿ ನನಗೆ ಕಿಟಕಿ ಪಕ್ಕ ಬಿಟ್ಟರು, ವಾಂತಿ ಬರುತ್ತೆ ನಿಂಗೆ ಅಂದರು. ಬಸುರಿಯಾಗಿದ್ದಾಗ ಬರುತ್ತಿತ್ತು, ಈಗ ಬರುವುದಿಲ್ಲ. ಹೇಳಲಿಲ್ಲ. ಕಿಟಕಿ ಪಕ್ಕವೇ ಕೂತೆ.

ಅಂಗಡಿಯವನು ಹಸಿರು ದಾರ ಚೆನ್ನಾಗಿದೆ ಅಂದ. ಅತ್ತೆ ಕೆಂಪು ಅಂದರು. ನಾನೂ ಕೆಂಪು ಅಂದೆ.

೧೭ ನವೆಂಬರ್, ಭಾನುವಾರ

ಹೊಲದ ಹತ್ತಿರ ಹೋಗಿದ್ದೆ. ಮೊದಲ ಸಲ. ಹತ್ತಿ ಒಡೆದಿದೆ, ಆಳುಗಳು ಬಿಡಿಸುತ್ತಿದ್ದರು. ಬದಿಯಲ್ಲಿ ಹೊಂಗೆ ಮರದ ಕೆಳಗೆ ಅತ್ತೆ ಕಲ್ಲು ಇಟ್ಟಿದ್ದಾರೆ, ದನ ತುಳಿಯದ ಹಾಗೆ ಮುಳ್ಳು ಹಾಕಿದ್ದಾರೆ. ಮುಳ್ಳು ಹೊಸದು. ಆಗಾಗ ಬಂದು ಬದಲಾಯಿಸುತ್ತಾರೆ ಅಂತ ಆಳು ಹೆಂಗಸು ಹೇಳಿದಳು.

ಮಗಳ ಪಕ್ಕ ಸ್ವಲ್ಪ ಹೊತ್ತು ಕೂತಿದ್ದೆ. ಬಿಸಿಲಿತ್ತು. ಏನು ಮಾತಾಡಬೇಕೋ ತಿಳಿಯಲಿಲ್ಲ, ಎದ್ದು ಬಂದೆ. ಮನೆಗೆ ಬಂದ ಮೇಲೆ ಎದೆ ಒಡೆದುಹೋಗುವ ಹಾಗೆ ಅಳು ಬಂತು. ಇದೆಲ್ಲ ಕಡಿಮೆಯಾಗುತ್ತದೆ ಅನ್ನುತ್ತಾರೆ, ನನಗೇನೂ ಕಡಿಮೆಯಾಗಿಲ್ಲ.

ಪಿಡಿಒ ಸಾಹೇಬರು ಮುಂದಿನ ವರ್ಷವೂ ಇದನ್ನು ಮುಂದುವರಿಸುತ್ತೀರಾ ಅಂತ ಮೆಸೇಜ್ ಮಾಡಿದ್ದರು. ಸರಿ ಸರ್ ಅಂತ ಹಾಕಿದೆ. ಹುಡುಗಿಯರಿಗೆ ಪರೀಕ್ಷೆ ಇರುತ್ತದೆ, ಭಾನುವಾರಕ್ಕೆ ಬದಲಾಯಿಸಬೇಕಾಗಬಹುದು.

೩೦ ನವೆಂಬರ್, ಶನಿವಾರ

ಕೌದಿಗಳು ಮುಗಿದವು. ಸೋಮವಾರ ಆಸ್ಪತ್ರೆಗೆ ಕೊಟ್ಟು ಬರಬೇಕು.

ಎಲ್ಲರೂ ಹೋದ ಮೇಲೆ ನಾನೂ ಅತ್ತೆಯೂ ಕೂತು ಮಡಿಸುತ್ತಿದ್ದೆವು. ಮಧ್ಯಾಹ್ನ, ಕರೆಂಟ್ ಇರಲಿಲ್ಲ, ಫ್ಯಾನ್ ಇಲ್ಲದೆ ಕೋಣೆಯಲ್ಲಿ ಒಗೆದ ಬಟ್ಟೆಯ ವಾಸನೆ ತುಂಬಿತ್ತು. ಅವರು ಮಡಿಸಿ ಕೊಡುವುದು, ನಾನು ಒಂದರ ಮೇಲೊಂದು ಪೇರಿಸುವುದು. ಕೇಳಬೇಕು ಅಂತ ಬಹಳ ದಿನದಿಂದ ಇತ್ತು. ಮುಖ ಗೊತ್ತಾಯಿತು, ಕೂದಲು ಗೊತ್ತಾಯಿತು, ಬೆರಳು ಗೊತ್ತಾಯಿತು. ಆದರೂ ಈ ಕೈಗಳು ಖಾಲಿ.

"ಅತ್ತೆ, ಎಷ್ಟು ಭಾರ ಇದ್ಲು?"

ಅವರ ಕೈ ನಿಂತಿತು. ಈಗ್ಯಾಕೆ ಅನ್ನುತ್ತಾರೆ ಅಂದುಕೊಂಡೆ.

"ಕೇಜಿ ಲೆಕ್ಕ ಎಲ್ಲ ನಂಗ್ ಗೊತ್ತಿಲ್ಲ ಕಣವ್ವ" ಅಂದರು. ಆಮೇಲೆ ರಾಶಿಯಿಂದ ಒಂದು ಕೌದಿ ತಗೊಂಡು ಎರಡೂ ಮುಂಗೈ ಮೇಲೆ ಇಟ್ಟುಕೊಂಡರು. ಕಣ್ಣು ಮುಚ್ಚಿದರು. ಇಲ್ಲ ಅಂತ ತಲೆಯಾಡಿಸಿದರು. ಇನ್ನೊಂದು ಇಟ್ಟುಕೊಂಡರು, ಮತ್ತೊಂದು. ಹಾಗೇ ಮೆಲ್ಲಗೆ ಮೇಲೆ ಕೆಳಗೆ ತೂಗಿದರು. ತೆಳ್ಳಗಿನ ಒಂದನ್ನು ತೆಗೆದು ದಪ್ಪನೆಯದು ಹಾಕಿದರು. "ಇಷ್ಟಿರ್ಲಿಲ್ಲ" ಅಂತ ಮತ್ತೆ ತೆಗೆದರು. ಸಂತೆಯಲ್ಲಿ ಒಂದು ಕಾಳು ಹೆಚ್ಚುಕಡಿಮೆ ಆಗದ ಹಾಗೆ ನೋಡುವ ಹೆಂಗಸು, ಅಷ್ಟೇ ನಿಗಾ. ಎಷ್ಟೋ ಹೊತ್ತಾದ ಮೇಲೆ ಕಣ್ಣು ಬಿಟ್ಟರು.

ಅವನ್ನೆಲ್ಲ ಸೇರಿಸಿ ಇನ್ನೊಂದು ಕೌದಿಯಲ್ಲಿ ಸುತ್ತುವುದಕ್ಕೆ ಹೋಗಿ, ಬೇಡ, ತೂಕ ಜಾಸ್ತಿಯಾಗುತ್ತದೆ ಅಂತ ತಮ್ಮ ಸೆರಗನ್ನೇ ಒಂದು ಸುತ್ತು ಸುತ್ತಿದರು. ನನ್ನ ಎಡಗೈ ಹಿಡಿದು ಮೊಣಕೈ ಮಡಿಸಿದರು, ಎದೆಗೆ ಆನಿಸಿದರು. "ತಲೆ ಇಲ್ಲಿ ಬತ್ತದೆ" ಅಂದರು. ಸೆರಗು ಬಿಡಿಸಿಕೊಂಡು ಮೆಲ್ಲಗೆ ನನ್ನ ಕೈ ಮೇಲೆ ಬಿಟ್ಟರು.

"ಇಷ್ಟು" ಅಂದರು. "ಇಷ್ಟಿದ್ಲು ಕಣವ್ವ."

ಎದ್ದು ಹೋಗಿ ಬಾಗಿಲು ಮುಂದಕ್ಕೆ ಎಳೆದುಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂತರು. ಯಾರೋ ಪುಸ್ತಕ ವಾಪಸ್ ಕೊಡಲು ಬಂದರು. "ಈಗಾಗಲ್ಲ, ನಾಳಿದ್ದು ಬನ್ನಿ" ಅಂತ ಅವರು ಹೇಳಿ ಕಳಿಸಿದ್ದು ಕೇಳಿಸಿತು.

ನಾನು ಒಳಗೇ ಕೂತಿದ್ದೆ. ನನ್ನ ಮಗಳು ನಾನು ಅಂದುಕೊಂಡಿದ್ದಕ್ಕಿಂತ ಭಾರ ಇದ್ದಳು.